ಎಸ್‌ಎಸ್‌ಸಿ ಮುಗಿಸಿದ ಮಕ್ಕಳ ಬೆನ್ನಿಗೆ ನಿಲ್ಲುವವರು ಯಾರು?

ಕನ್ನಡ ಮಾಧ್ಯಮ ಪ್ರೌಢಶಾಲೆಯ ಶಿಕ್ಷಕಿ, ಮುಂಬಯಿ

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಸಿ, ಅಂದರೆ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕೆಲವು ತಿಂಗಳ ಕಾಲ ಮುಂಬಯಿಯ ಕನ್ನಡ ಸಂಘಗಳಲ್ಲೂ ಸಮುದಾಯದ ಸಂಘಗಳಲ್ಲೂ ವಿದ್ಯಾರ್ಥಿವೇತನ ವಿತರಣೆ, ಪ್ರತಿಭಾ ಪುರಸ್ಕಾರಗಳ ಸಮಾರಂಭಗಳು ಒಂದರ ಹಿಂದೊಂದು ನಡೆಯುತ್ತವೆ. ಶೇಕಡಾ 85, 90 ಅಂಕ ತೆಗೆದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಲಕೋಟೆ ಕೈಗಿಡುತ್ತೇವೆ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆ ಲಕೋಟೆಯಿಂದಲೇ ಓದು ಮುಂದುವರಿಸಿದ ಮಕ್ಕಳು ನನ್ನ ತರಗತಿಯಲ್ಲೂ ಕುಳಿತಿದ್ದಾರೆ. ಆದರೆ ಶೇಕಡಾ 45 ತೆಗೆದು ಪಾಸಾದವರು, ಗಣಿತವೊಂದರಲ್ಲಿ ಫೇಲಾದವರು ಎರಡು ವರ್ಷಗಳ ನಂತರ ಎಲ್ಲಿರುತ್ತಾರೆ ಎಂಬುದನ್ನು ನಮ್ಮಲ್ಲಿ ಯಾರಾದರೂ ಬರೆದಿಟ್ಟಿದ್ದೇವೆಯೇ? ಶಾಲೆ ಬಿಟ್ಟ ಪ್ರಮಾಣಪತ್ರಕ್ಕೆ ಸಹಿ ಬಿದ್ದ ದಿನವೇ ಆ ಮಗುವಿನ ಹೆಸರು ನಮ್ಮ ಎಲ್ಲ ದಾಖಲೆಗಳಿಂದ ಹೊರಗೆ ಹೋಗುತ್ತದೆ.

ಕಾನೂನು ಮತ್ತು ಯೋಜನೆಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿ ನೋಡಿದರೆ ಈ ಮಕ್ಕಳು ಎಲ್ಲಿ ಜಾರುತ್ತಾರೆಂಬುದು ಸ್ಪಷ್ಟವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಹತ್ತನೆಯ ತರಗತಿ ಪಾಸಾದವರನ್ನೂ ತೆಗೆದುಕೊಳ್ಳುತ್ತದೆಯಾದರೂ ವಯಸ್ಸು 21ರಿಂದ 24 ಇರಬೇಕೆಂಬ ನಿಯಮದೊಂದಿಗೆ ಬಂತು. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ತಂದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಗೆ 18 ವರ್ಷ ತುಂಬಿರಬೇಕು, ಕನಿಷ್ಠ ಹನ್ನೆರಡನೆಯ ತರಗತಿಯಾದರೂ ಪಾಸಾಗಿರಬೇಕು. ಹದಿನಾರರ ವಯಸ್ಸಿನಲ್ಲಿ, ಕಡಿಮೆ ಅಂಕದೊಂದಿಗೆ, ಕನ್ನಡದಲ್ಲಿ ಓದಿ ಹೊರಬಂದ ಹುಡುಗ ಈ ಯಾವುದರಲ್ಲೂ ಇಲ್ಲ. ಅವನ ಪಾಲಿಗೆ ಉಳಿಯುವುದು ಐಟಿಐ, ಅಪ್ರೆಂಟಿಸ್‌ಶಿಪ್, ಅಥವಾ ಇಂಗ್ಲಿಷಿನಲ್ಲಿ ನಡೆಯುವ ಹನ್ನೊಂದನೆಯ ತರಗತಿ. ಈ ಮೂರರ ಅರ್ಜಿ, ದಾಖಲೆ, ಕೊನೆಯ ದಿನಾಂಕಗಳನ್ನು ಮನೆಯವರಿಗೆ ತಿಳಿಸಿ ಹೇಳುವವರು ಸಾಮಾನ್ಯವಾಗಿ ಯಾರೆಂದರೆ, ಸಂಜೆ ತನ್ನ ಫೋನಿನಿಂದ ಕರೆ ಮಾಡುವ ತರಗತಿ ಶಿಕ್ಷಕಿ.

ಇದು ಮುಂಬಯಿಯ ಸಣ್ಣ ಸಮಸ್ಯೆಯೆಂದು ಯಾರೂ ಭಾವಿಸಬಾರದು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಓದು, ಕೆಲಸ, ತರಬೇತಿ ಮೂರೂ ಇಲ್ಲದ ಯುವಜನರ ಪ್ರಮಾಣವನ್ನು 2020ರೊಳಗೆ ಗಣನೀಯವಾಗಿ ಇಳಿಸಬೇಕೆಂದು ಪ್ರತ್ಯೇಕವಾಗಿ ಬರೆದಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಂತೆ 2023ರಲ್ಲಿಯೂ ಜಗತ್ತಿನ ಯುವಜನರಲ್ಲಿ ಶೇಕಡಾ 20.4ರಷ್ಟು ಮಂದಿ ಆ ಸ್ಥಿತಿಯಲ್ಲಿದ್ದರು, ಅವರಲ್ಲಿ ಮೂರನೇ ಎರಡರಷ್ಟು ಹೆಣ್ಣುಮಕ್ಕಳು. ಹೆಚ್ಚು ಓದಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಅದೇ ಸಂಘಟನೆಯ 2024ರ ಭಾರತ ಉದ್ಯೋಗ ವರದಿಯ ಒಂದು ಅಂಶ ಹೇಳಬೇಕು: 2022ರಲ್ಲಿ ನಮ್ಮ ಯುವ ಪದವೀಧರರಲ್ಲಿ ನಿರುದ್ಯೋಗ ಶೇಕಡಾ 29.1 ಇದ್ದರೆ, ಓದು ಬರಹ ಬಾರದ ಯುವಜನರಲ್ಲಿ ಅದು ಶೇಕಡಾ 3.4 ಇತ್ತು. ಓದದವರಿಗೆ ಒಳ್ಳೆಯ ಕೆಲಸ ಸಿಕ್ಕಿದೆಯೆಂದು ಇದರ ಅರ್ಥವಲ್ಲ. ಕೆಲಸವಿಲ್ಲದೆ ಕಾಯುವಷ್ಟು ಅನುಕೂಲ ಅವರಿಗಿಲ್ಲ. ಆದರೆ ಓದು ಮತ್ತು ಕೆಲಸದ ನಡುವೆ ಕೈಹಿಡಿದು ದಾಟಿಸುವವರಿಲ್ಲದಿದ್ದರೆ ಪದವಿಯೂ ಸಾಲದು ಎಂಬುದನ್ನು ಅದು ತೋರಿಸುತ್ತದೆ.

ನನ್ನ ಸಲಹೆ ಇಷ್ಟೇ. ನಮ್ಮ ಸಂಘಗಳು ವಿದ್ಯಾರ್ಥಿವೇತನದ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಕನ್ನಡ ಮಾಧ್ಯಮದಿಂದ ಹತ್ತನೆಯ ತರಗತಿ ಮುಗಿಸಿದ ಪ್ರತಿಯೊಬ್ಬ ಮಗುವಿನ ಸಂಪರ್ಕವನ್ನು ಎರಡು ವರ್ಷ ಕಾಯ್ದುಕೊಳ್ಳುವ ವ್ಯವಸ್ಥೆ ಮಾಡಬೇಕು, ಮತ್ತು ಆ ಕೆಲಸ ಮಾಡುವವರ ಸಮಯಕ್ಕೆ ಗೌರವಧನ ಕೊಡಬೇಕು. ತಮ್ಮ ಅಭಿಪ್ರಾಯ ತಿಳಿಸಿ.


ನಿವೃತ್ತ ರಾತ್ರಿಶಾಲಾ ಅಧ್ಯಾಪಕ, ಠಾಣೆ

ಟೀಚರ್, ನೀವು ಎತ್ತಿದ ಪ್ರಶ್ನೆಗೆ ಈ ಊರಿನಲ್ಲಿ ಒಂದು ಹಳೆಯ ಉತ್ತರವಿತ್ತು. ತುಳುನಾಡಿನಿಂದ ಹೋಟೆಲು, ಕ್ಯಾಂಟೀನುಗಳಿಗೆ ಬಂದ ಹುಡುಗರು ಮೊದಲು ಕೆಲಸಕ್ಕೆ ಸೇರಿ ಆಮೇಲೆ ಶಾಲೆಗೆ ಬರುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದ್ದು ಇಂಥವರಿಗಾಗಿಯೇ. ಬೆಳಗ್ಗೆ ಮೇಜು ಒರೆಸಿ, ಸಂಜೆ ಕೈಕಾಲು ತೊಳೆದು ಬಂದು ಕುಳಿತವರು ಎಸ್‌ಎಸ್‌ಸಿ ಮುಗಿಸಿ ಬ್ಯಾಂಕು, ರೈಲ್ವೆ, ನ್ಯಾಯಾಲಯಗಳಲ್ಲಿ ಗುಮಾಸ್ತರಾದರು, ಕೆಲವರು ವಕೀಲರಾದರು. ಅಧ್ಯಾಪಕನಿಗೆ ಹುಡುಗನ ಹೋಟೆಲಿನ ಮಾಲೀಕ ಯಾರು, ಅವನಿಗೆ ರಜೆ ಯಾವ ವಾರ, ಊರಿಗೆ ಎಷ್ಟು ಹಣ ಕಳುಹಿಸುತ್ತಾನೆ ಎಂಬುದೆಲ್ಲ ಗೊತ್ತಿರುತ್ತಿತ್ತು. ಪರೀಕ್ಷೆಯ ತಿಂಗಳಿನಲ್ಲಿ ಮಾಲೀಕರ ಗಲ್ಲೆಯ ಮುಂದೆ ನಿಂತು, ಈ ಹುಡುಗನನ್ನು ಸಂಜೆ ಆರಕ್ಕೆ ಬಿಡಿ ಎಂದು ಕೇಳಿಕೊಳ್ಳುವುದು ನಮ್ಮ ಕೆಲಸದ ಭಾಗವೇ ಆಗಿತ್ತು.

ಆ ಕಾಲವನ್ನು ಮರಳಿ ತರಬೇಕೆಂದು ನಾನು ಹೇಳುವುದಿಲ್ಲ. ಹನ್ನೆರಡು ವರ್ಷದ ಮಗು ಹಗಲೆಲ್ಲ ದುಡಿದು ರಾತ್ರಿ ತೂಕಡಿಸುತ್ತ ಕಲಿಯುವುದು ನ್ಯಾಯವಾಗಿರಲಿಲ್ಲ. 2006ರ ಅಕ್ಟೋಬರಿನಲ್ಲಿ 14ಕ್ಕಿಂತ ಕಿರಿಯ ಮಕ್ಕಳನ್ನು ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ಇಟ್ಟುಕೊಳ್ಳುವುದನ್ನು ನಿಷೇಧಿಸಿದ್ದು ಸರಿಯಾದ ಕ್ರಮ. ಊರಿನ ಕಡೆಯೇ ಶಾಲೆಗಳು ಹೆಚ್ಚಿದವು, ಹೋಟೆಲಿಗೆ ಬರುವ ನಮ್ಮ ಹುಡುಗರು ಕಡಿಮೆಯಾದರು. ಮುಂದೆ 2017ರಲ್ಲಿ, ಹಗಲು ಶಾಲೆಯಲ್ಲಿ ನೌಕರಿ ಮಾಡುವವರು ರಾತ್ರಿಶಾಲೆಯಲ್ಲೂ ಕಲಿಸುವ ಪದ್ಧತಿಯನ್ನು ರಾಜ್ಯ ಸರ್ಕಾರ ನಿಲ್ಲಿಸಿದಾಗ ಅನುಭವಿ ಅಧ್ಯಾಪಕರು ಒಮ್ಮೆಲೇ ಹೊರಗೆ ಹೋದರು. ಶಾಲೆಗಳು ಕುಗ್ಗಿದ್ದಕ್ಕಿಂತ ನನಗೆ ಹೆಚ್ಚು ನೋವು ತರುವುದು, ಕೆಲಸ ಕೊಡುವವರನ್ನೂ ಕಲಿಸುವವರನ್ನೂ ಬಲ್ಲ ಒಬ್ಬ ಮನುಷ್ಯ ಮಧ್ಯದಲ್ಲಿ ಇರುತ್ತಿದ್ದನಲ್ಲ, ಅವನ ಸ್ಥಾನವನ್ನು ಮತ್ತಾರೂ ತುಂಬಲಿಲ್ಲ ಎಂಬುದು. ನಿಮ್ಮ ಸಲಹೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಫೋನು ಮಾಡುವ ಕೆಲಸಕ್ಕೆ ನನ್ನಂಥ ನಿವೃತ್ತರನ್ನು ಬಳಸಿಕೊಳ್ಳಿ.


ಸಂಘವೊಂದರ ಕೋಶಾಧಿಕಾರಿ, ಡೊಂಬಿವಲಿ

ಟೀಚರ್ ಅವರ ಕಳಕಳಿ ಅರ್ಥವಾಗುತ್ತದೆ. ಆದರೂ ಲೆಕ್ಕ ನೋಡುವವನಾಗಿ ಎರಡು ಅಡಚಣೆಗಳನ್ನು ಹೇಳಲೇಬೇಕು. ನಮ್ಮ ವಿದ್ಯಾರ್ಥಿವೇತನದ ಬಹುಪಾಲು ದತ್ತಿನಿಧಿಗಳ ಬಡ್ಡಿಯಿಂದ ಬರುತ್ತದೆ. ತಂದೆಯ ಹೆಸರಿನಲ್ಲಿ, ತಾಯಿಯ ಹೆಸರಿನಲ್ಲಿ ಹಣ ಇಟ್ಟ ದಾನಿ ಅದನ್ನು ಇಂತಿಂಥ ಅಂಕ ಪಡೆದ ಮಗುವಿಗೆ ಕೊಡಿ ಎಂದು ಪತ್ರದಲ್ಲಿ ಬರೆದಿರುತ್ತಾರೆ. ಸಂಘವು 1950ರ ಸಾರ್ವಜನಿಕ ವಿಶ್ವಸ್ಥ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವಾಗಿದೆ. ಒಂದು ಉದ್ದೇಶಕ್ಕೆ ಬಂದ ಹಣವನ್ನು ಕಾರ್ಯಕಾರಿ ಸಮಿತಿ ತನ್ನಿಷ್ಟದಂತೆ ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ಎರಡನೆಯದಾಗಿ, ವಿಶ್ವಸಂಸ್ಥೆಯ ಗುರಿಗಳು, ಕಾರ್ಮಿಕ ಸಂಘಟನೆಯ ವರದಿಗಳು ನಮ್ಮ ಡೊಂಬಿವಲಿಯ ಚಾಳಿನ ಮಗುವಿಗೆ ಏನು ಕೊಡುತ್ತವೆ? ಆ ಕಾಗದಗಳ ಮಾತು ಬಿಟ್ಟು, ನಮ್ಮ ಕೈಲಾದುದನ್ನು ನಾವು ಮಾಡೋಣ ಎಂದು ನನಗೆ ತೋರುತ್ತದೆ.


ಮಹಾನಗರಪಾಲಿಕೆ ಶಾಲೆಯ ಶಿಕ್ಷಕ, ಮುಂಬಯಿ

ಟೀಚರ್ ಅವರು ಸಹೋದ್ಯೋಗಿ ಎಂಬ ಸಲುಗೆಯಿಂದ ಒಂದು ಭಯವನ್ನು ಬಿಚ್ಚಿಡುತ್ತೇನೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂದು ನಾವು ಹೆಮ್ಮೆಪಡುತ್ತೇವೆ. ಆ ಶಾಲೆಯ ಶಿಕ್ಷಕನ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಹೊರಗಿನವರು ಹೆಚ್ಚಾಗಿ ತಿಳಿದಿಲ್ಲ. ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯು-ಡೈಸ್‌ನ ಮಾಹಿತಿ, ಪ್ರತಿ ವಿದ್ಯಾರ್ಥಿಯ ಅಪಾರ್ ಗುರುತಿನ ಸಂಖ್ಯೆ, ಆಧಾರ್‌ನ ಹೆಸರಿಗೂ ಜನನ ಪ್ರಮಾಣಪತ್ರದ ಹೆಸರಿಗೂ ತಾಳೆಯಾಗದ ಮಕ್ಕಳ ಪಟ್ಟಿ, ಮಧ್ಯಾಹ್ನದ ಊಟದ ಲೆಕ್ಕ, ಇವೆಲ್ಲ ಒಂದು ಕಡೆ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಕಳುಹಿಸಬಾರದೆಂದು ಹೇಳುತ್ತದೆ. ಆದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆದವರಿಗೆ ಚುನಾವಣೆಯೆಂಬ ಆ ಒಂದು ಬಾಗಿಲೇ ಸಾಕಷ್ಟು ಅಗಲವಾಗಿದೆ. ಮತದಾರರ ಪಟ್ಟಿ ಪರಿಷ್ಕರಣೆಯ ತಿಂಗಳುಗಳಲ್ಲಿ ಮನೆಮನೆ ಸುತ್ತಿ ಬಂದವನು ಪಾಠದ ತಯಾರಿ ಮಾಡುವುದು ರಾತ್ರಿ.

ಹೊಸದಾಗಿ ಸೇರುವವರ ಸ್ಥಿತಿ ಇನ್ನೂ ಕಷ್ಟ. ಮಹಾರಾಷ್ಟ್ರದಲ್ಲಿ ಶಿಕ್ಷಣ ಸೇವಕರೆಂದು ಮೊದಲ ಮೂರು ವರ್ಷ ಗೌರವಧನದ ಮೇಲೆ ದುಡಿಯಬೇಕು. ಪ್ರಾಥಮಿಕ ಶಾಲೆಯಲ್ಲಿ ಅದು ಬಹುಕಾಲ ತಿಂಗಳಿಗೆ 6,000 ರೂಪಾಯಿ ಇತ್ತು. 2023ರಿಂದ 16,000, ಮಾಧ್ಯಮಿಕಕ್ಕೆ 18,000, ಉಚ್ಚ ಮಾಧ್ಯಮಿಕಕ್ಕೆ 20,000 ಆಗಿದೆ. ಮುಂಬಯಿಯಲ್ಲಿ ಆ ಹಣದಲ್ಲಿ ಮನೆ ಬಾಡಿಗೆ ಕಟ್ಟಿ ಬದುಕುವುದು ಹೇಗೆಂದು ಯಾರೂ ಕೇಳುವುದಿಲ್ಲ. ಹಂತಹಂತವಾಗಿ ಅನುದಾನ ಸಿಗಬೇಕಾದ ಖಾಸಗಿ ಶಾಲೆಗಳ ಶಿಕ್ಷಕರು 2025ರ ಜುಲೈಯ ಮಳೆಯಲ್ಲಿ ಆಜಾದ್ ಮೈದಾನದಲ್ಲಿ ಕುಳಿತದ್ದನ್ನು ನೀವೆಲ್ಲ ನೋಡಿದ್ದೀರಿ. ಅದೇ ವರ್ಷದ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕೆಂದು ತೀರ್ಪು ನೀಡಿತು. ಇಪ್ಪತ್ತು ವರ್ಷ ಕಲಿಸಿದವರೂ ಈಗ ಪರೀಕ್ಷೆಗೆ ಓದುತ್ತಿದ್ದಾರೆ.

ಇಂಥ ಹೊತ್ತಿನಲ್ಲಿ ಶಾಲೆ ಬಿಟ್ಟ ಮಕ್ಕಳ ಅನುಸರಣೆ ಎಂಬ ಹೊಸ ರಿಜಿಸ್ಟರು ಶಿಕ್ಷಕರ ಮೇಜಿನ ಮೇಲೆ ಬಂದು ಕುಳಿತರೆ, ಎರಡೇ ವರ್ಷದಲ್ಲಿ ಅದು ಎಲ್ಲರೂ ಸುಮ್ಮನೆ ತುಂಬಿ ಕಳುಹಿಸುವ ಕೋಷ್ಟಕವಾಗುತ್ತದೆ. ಒಳ್ಳೆಯ ಉದ್ದೇಶದಿಂದ ಹುಟ್ಟಿದ ಎಷ್ಟೋ ರಿಜಿಸ್ಟರುಗಳ ಗತಿ ಇದೇ ಆಗಿದೆ. ಕೆಲಸ ಯಾರದ್ದು, ಯಾವ ಗಂಟೆಯಲ್ಲಿ, ಯಾವ ಹಣದಲ್ಲಿ ಎಂಬುದು ಮೊದಲು ತೀರ್ಮಾನವಾಗಲಿ.


ಕನ್ನಡ ಮಾಧ್ಯಮ ಪ್ರೌಢಶಾಲೆಯ ಶಿಕ್ಷಕಿ, ಮುಂಬಯಿ

ಸರ್, ನಿಮ್ಮ ಭಯವನ್ನು ನಾನೂ ಹಂಚಿಕೊಳ್ಳುತ್ತೇನೆ. ಕೋಶಾಧಿಕಾರಿಯವರು ಕಾಗದಗಳೆಂದು ಬದಿಗಿಡುವ ಜಾಗತಿಕ ದಾಖಲೆಗಳು ನನಗೆ ಬೇಕಾಗುವುದು ಇದೇ ಕಾರಣಕ್ಕೆ. 1966ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನಲ್ಲಿ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಶಿಕ್ಷಕರ ಸ್ಥಾನಮಾನದ ಕುರಿತು ಒಂದು ಶಿಫಾರಸನ್ನು ಅಂಗೀಕರಿಸಿದವು. ಆ ದಿನವನ್ನೇ 1994ರಿಂದ ವಿಶ್ವ ಶಿಕ್ಷಕರ ದಿನವಾಗಿ ಆಚರಿಸುತ್ತಾರೆ. ಶಿಕ್ಷಕರ ಬೋಧನಾ ಅವಧಿಯನ್ನು ನಿಗದಿಪಡಿಸುವಾಗ ತರಗತಿಯ ಮಕ್ಕಳ ಸಂಖ್ಯೆ, ಪಾಠದ ತಯಾರಿ, ಮೌಲ್ಯಮಾಪನಗಳ ಜೊತೆಗೆ ವಿದ್ಯಾರ್ಥಿಗಳಿಗೆ ಸಲಹೆ ನೀಡುವುದಕ್ಕೂ ಪೋಷಕರೊಡನೆ ಮಾತನಾಡುವುದಕ್ಕೂ ಬೇಕಾಗುವ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಅದು ಹೇಳುತ್ತದೆ. ಅಂದರೆ ಸಂಜೆಯ ಆ ಫೋನು ಕರೆ ಶಿಕ್ಷಕಿಯ ಒಳ್ಳೆಯತನವಲ್ಲ, ಅವಳ ವೃತ್ತಿಯ ಭಾಗ, ಅದಕ್ಕೆ ಗಂಟೆ ಕೊಡಬೇಕು ಎಂದು ಅಷ್ಟು ಹಿಂದೆಯೇ ಬರೆದಾಗಿದೆ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ತಯಾರಿಯೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸವೆಂದು ಹೇಳಿ ನಿಲ್ಲುತ್ತದೆ. ಸಲಹೆಯ ಗಂಟೆ ಅದರಲ್ಲಿ ಎಲ್ಲೂ ಕಾಣುವುದಿಲ್ಲ, ಒಂಬತ್ತು ಮತ್ತು ಹತ್ತನೆಯ ತರಗತಿಗಳಂತೂ ಆ ಕಾಯ್ದೆಯ ವ್ಯಾಪ್ತಿಯಲ್ಲೇ ಇಲ್ಲ.

2030ರೊಳಗೆ ಜಗತ್ತಿಗೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕೆಂದು ಯುನೆಸ್ಕೊ ಅಂದಾಜು ಮಾಡಿದೆ. ಇರುವವರೂ ಏಕೆ ಬಿಟ್ಟು ಹೋಗುತ್ತಿದ್ದಾರೆ ಎಂದು ಕೇಳಿದರೆ, ಸಂಬಳದ ಜೊತೆಯಲ್ಲಿ ಕೇಳಿಬರುವ ದೂರು ಇದೇ ಲೆಕ್ಕಕ್ಕೆ ಬಾರದ ಕೆಲಸದ ಹೊರೆ.

ಕೆಲಸ ಯಾರದ್ದು ಎಂಬುದಕ್ಕೆ ಬೇರೆ ದೇಶಗಳು ಕಂಡುಕೊಂಡ ಉತ್ತರ ನೋಡಿ. ನಾರ್ವೆಯಲ್ಲಿ ಓದು ಬಿಟ್ಟ 21 ವರ್ಷದೊಳಗಿನ ಯುವಜನರನ್ನು ಹುಡುಕಿ ಮಾತನಾಡಿಸುವ ಹೊಣೆ ಜಿಲ್ಲಾಡಳಿತಕ್ಕೆ ಸಮನಾದ ಸ್ಥಳೀಯ ಸಂಸ್ಥೆಯದು, ಅದಕ್ಕೆಂದೇ ಸಂಬಳದ ಸಿಬ್ಬಂದಿ ಇದ್ದಾರೆ. ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರಗಳು 2013ರಲ್ಲಿ ಒಂದು ಭರವಸೆ ಕೊಟ್ಟವು: 25ರೊಳಗಿನ ಯಾರೇ ಆಗಲಿ, ಓದು ಬಿಟ್ಟ ಅಥವಾ ಕೆಲಸ ಕಳೆದುಕೊಂಡ ನಾಲ್ಕು ತಿಂಗಳೊಳಗೆ ಅವರಿಗೆ ಕೆಲಸ, ಮುಂದಿನ ಓದು, ಅಪ್ರೆಂಟಿಸ್‌ಶಿಪ್ ಅಥವಾ ತರಬೇತಿಯ ಅವಕಾಶವೊಂದನ್ನು ಮುಂದಿಡಬೇಕು. 2020ರಲ್ಲಿ ಆ ವಯಸ್ಸನ್ನು 30ರವರೆಗೆ ವಿಸ್ತರಿಸಿದರು. ಎಲ್ಲ ಕಡೆ ಅದು ಪೂರ್ತಿಯಾಗಿ ಪಾಲನೆಯಾಗಿಲ್ಲ ಎಂಬುದು ನಿಜ. ಆದರೆ ನಾಲ್ಕು ತಿಂಗಳೆಂಬ ಗಡುವು ಒಂದಿದ್ದರೆ, ಅದನ್ನು ತೋರಿಸಿ ಉತ್ತರ ಕೇಳಬಹುದು. ನಮ್ಮ ಮಕ್ಕಳ ವಿಷಯದಲ್ಲಿ ಕೇಳಲು ಗಡುವೂ ಇಲ್ಲ, ಉತ್ತರಿಸಲು ವ್ಯಕ್ತಿಯೂ ಇಲ್ಲ. ಆ ವ್ಯಕ್ತಿಯನ್ನು ಸಂಘ ನೇಮಿಸಲಿ ಎಂಬುದೇ ನನ್ನ ಬೇಡಿಕೆ, ತರಗತಿ ಶಿಕ್ಷಕರ ತಲೆಗೆ ಕಟ್ಟಲಿ ಎಂಬುದಲ್ಲ.


ಐಟಿಐ ಬೋಧಕ, ಪಿಂಪ್ರಿ, ಪುಣೆ

ನಾನು ವಿಜಯಪುರದ ಕಡೆಯವನು, ಬಹಳ ವರ್ಷಗಳಿಂದ ಪುಣೆಯಲ್ಲಿ ಫಿಟ್ಟರ್ ವಿಭಾಗದಲ್ಲಿ ಕಲಿಸುತ್ತಿದ್ದೇನೆ. ಟೀಚರ್ ಅವರು ಅಪ್ರೆಂಟಿಸ್‌ಶಿಪ್‌ನ ಹೆಸರು ಎತ್ತಿದ್ದರಿಂದ ಅದು ನಿಜವಾಗಿ ಹೇಗೆ ನಡೆಯುತ್ತದೆಂದು ಹೇಳುವುದು ಉಪಯುಕ್ತವೆಂದು ಭಾವಿಸುತ್ತೇನೆ.

1961ರ ಅಪ್ರೆಂಟಿಸ್ ಕಾಯ್ದೆಯಂತೆ 14 ವರ್ಷ ತುಂಬಿದವರು ಸೇರಬಹುದು. ಅಪಾಯಕಾರಿ ಉದ್ಯಮಗಳಲ್ಲಿ 18 ತುಂಬಿರಬೇಕು. ಮೂವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 2019ರಲ್ಲಿ ತಿದ್ದಿದ ನಿಯಮಗಳಲ್ಲಿ ಕನಿಷ್ಠ ಸ್ಟೈಪೆಂಡ್ ಹತ್ತನೆಯ ತರಗತಿಯವರಿಗೆ ತಿಂಗಳಿಗೆ 6,000, ಐಟಿಐ ಮುಗಿಸಿದವರಿಗೆ 7,000, ಪದವೀಧರರಿಗೆ 9,000 ರೂಪಾಯಿ ಎಂದು ಗೊತ್ತುಮಾಡಿದರು. ಚಾಕಣ, ಭೋಸರಿ, ತಳೇಗಾಂವ್ ಪಟ್ಟಿಯ ಕಾರ್ಖಾನೆಗಳಲ್ಲಿ ಸೀಟುಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಕಲಿಸುವವರದು. ಒಳ್ಳೆಯ ಕಾರ್ಖಾನೆಯಲ್ಲಿ ಹುಡುಗನನ್ನು ಮೊದಲು ತರಬೇತಿ ವಿಭಾಗದಲ್ಲಿ ಕೂರಿಸಿ, ಅರ, ಅಳತೆಯ ಸಾಧನಗಳಾದ ವರ್ನಿಯರ್, ಮೈಕ್ರೋಮೀಟರುಗಳ ಮೇಲೆ ಕೈ ಕೂರಿಸಿ, ಆಮೇಲೆ ಯಂತ್ರದ ಹತ್ತಿರ ಬಿಡುತ್ತಾರೆ. ಇನ್ನು ಕೆಲವು ಕಡೆ ಮೊದಲ ವಾರದಿಂದಲೇ ಪ್ಯಾಕಿಂಗ್ ಸಾಲಿನಲ್ಲಿ ನಿಲ್ಲಿಸುತ್ತಾರೆ. ವರ್ಷ ಮುಗಿದಾಗ ಕೈಯಲ್ಲಿ ಪ್ರಮಾಣಪತ್ರ ಇರುತ್ತದೆ, ಕಸುಬು ಇರುವುದಿಲ್ಲ.

ಜರ್ಮನಿಯ ಮಾದರಿಯನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಹೊಗಳುತ್ತಾರೆ. ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆ, ಉಳಿದ ದಿನ ಕಂಪನಿ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಕಂಪನಿಯಲ್ಲಿ ಕಲಿಸುವ ವ್ಯಕ್ತಿ ಕಸುಬಿನ ಜೊತೆಗೆ ಕಲಿಸುವ ವಿಧಾನದಲ್ಲೂ ಪರೀಕ್ಷೆ ಕೊಟ್ಟು ಪಾಸಾಗಿರಬೇಕು, ಅಂತಿಮ ಪರೀಕ್ಷೆಯನ್ನು ಕಂಪನಿಯ ಬದಲು ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ ನಡೆಸುತ್ತದೆ ಎಂಬ ಎರಡು ಮಾತು ಬಿಟ್ಟುಹೋಗುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಭಾರತದ ಯುವ ಕಾರ್ಮಿಕರಲ್ಲಿ ಶೇಕಡಾ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ 75, ದಕ್ಷಿಣ ಕೊರಿಯಾದಲ್ಲಿ 96 ಎಂದು ಹೋಲಿಸಿ, 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದು ಬರೆಯಿತು. ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಜೊತೆ ಕಲಿಯುವ ಅವಕಾಶ ಇರಬೇಕೆಂದೂ ಹೇಳಿತು. ಆ ಬಡಗಿಯನ್ನು ಹುಡುಕಿ ಕರೆತರುವವರು ಯಾರು? ಮತ್ತೆ ಅದೇ ಶಾಲಾ ಶಿಕ್ಷಕರು, ಅದೇ 45 ಗಂಟೆಗಳೊಳಗೆ.

ನಿಮ್ಮ ಸಂಘದ ವ್ಯಕ್ತಿ ಮಕ್ಕಳಿಗೆ ಫೋನು ಮಾಡಿದರೆ ಸಾಲದು. ಕಾರ್ಖಾನೆಯ ಬಾಗಿಲಿಗೂ ಹೋಗಿ, ಈ ಹುಡುಗನಿಗೆ ಈ ವಾರ ಏನು ಕಲಿಸಿದಿರಿ ಎಂದು ಕೇಳಬೇಕು. ಮಾಲೀಕರ ಗಲ್ಲೆಯ ಮುಂದೆ ನಿಲ್ಲುತ್ತಿದ್ದೆವೆಂದು ಠಾಣೆಯ ಗುರುಗಳು ಬರೆದರಲ್ಲ, ಈಗ ಆ ಕೆಲಸ ಕಾರ್ಖಾನೆಯ ಗೇಟಿನಲ್ಲಿ ಆಗಬೇಕಾಗಿದೆ.


ಪಾಲಕ, ಭಾಂಡೂಪ್

ಐಟಿಐ ಅರ್ಜಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಮಹಾರಾಷ್ಟ್ರದಲ್ಲಿ ಹಿಂದುಳಿದ ವರ್ಗದ ಜಾತಿ ಪ್ರಮಾಣಪತ್ರ ಬೇಕಾದರೆ ಕುಟುಂಬ 1967ರ ಅಕ್ಟೋಬರ್ 13ಕ್ಕಿಂತ ಮೊದಲೇ ಈ ರಾಜ್ಯದಲ್ಲಿ ವಾಸವಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಯವರಿಗೆ ಆ ದಿನಾಂಕ 1950ರ ಆಗಸ್ಟ್ 10. ನನ್ನ ತಂದೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಊರಿನ ಪ್ರಮಾಣಪತ್ರ ಇಲ್ಲಿಯ ಮೀಸಲಾತಿಗೆ ನಡೆಯುವುದಿಲ್ಲ. ಫಲಿತಾಂಶ ಬಂದ ಮೇಲೆ ಇದು ತಿಳಿದರೆ ಮಗುವಿನ ಒಂದು ವರ್ಷವೇ ಹಾಳಾಗುತ್ತದೆ. ಒಂಬತ್ತನೆಯ ತರಗತಿಯಲ್ಲಿಯೇ ಪಾಲಕರನ್ನು ಕೂರಿಸಿ ಯಾವ ಕಾಗದ ಸಿಗುತ್ತದೆ, ಯಾವುದು ಸಿಗುವುದಿಲ್ಲ, ಸಿಗದಿದ್ದರೆ ಸಾಮಾನ್ಯ ವರ್ಗದಲ್ಲಿ ಶುಲ್ಕ ಎಷ್ಟಾಗುತ್ತದೆ ಎಂದು ಹೇಳುವವರಿದ್ದರೆ ಅದೇ ದೊಡ್ಡ ಉಪಕಾರ.


ವಾಸ್ಕೊದಿಂದ, ಕಾರ್ಖಾನೆಯೊಂದರ ಮಾನವ ಸಂಪನ್ಮೂಲ ವಿಭಾಗದ ಉದ್ಯೋಗಿ

ಗೋವೆಯಲ್ಲಿಯೂ ಇದೇ ಕಥೆ, ಸ್ವಲ್ಪ ಬೇರೆ ರೀತಿಯಲ್ಲಿ. ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ, ಬಂದರಿನ ಕೆಲಸಕ್ಕೆ ಬಂದ ಕುಟುಂಬಗಳು ಬಹಳ. ಆ ಮನೆಗಳ ಮಕ್ಕಳು ವೆರ್ಣಾ ಕೈಗಾರಿಕಾ ವಸಾಹತಿನ ಔಷಧ ಕಾರ್ಖಾನೆಗಳ ಬಾಗಿಲಿಗೆ ಗುತ್ತಿಗೆದಾರನ ಮೂಲಕ ಬರುತ್ತಾರೆ. ಸರ್ಕಾರಿ ನೌಕರಿಗೆ 15 ವರ್ಷಗಳ ವಾಸದ ಪ್ರಮಾಣಪತ್ರ ಕೇಳುತ್ತಾರಾದ್ದರಿಂದ ಖಾಸಗಿ ಕಾರ್ಖಾನೆಯೇ ಅವರ ದಾರಿ. ನಾನು ಸಂದರ್ಶನದಲ್ಲಿ ನೋಡುವಂತೆ, ಕೊಂಕಣಿ, ಹಿಂದಿ ಸರಾಗವಾಗಿ ಆಡುವ, ಚುರುಕಾದ ಈ ಮಕ್ಕಳಿಗೆ ಅಪ್ರೆಂಟಿಸ್‌ಶಿಪ್‌ನ ಕಲಿಕಾ ಒಪ್ಪಂದಕ್ಕೂ ಗುತ್ತಿಗೆ ಕೆಲಸಕ್ಕೂ ಇರುವ ವ್ಯತ್ಯಾಸ ಯಾರೂ ಹೇಳಿರುವುದಿಲ್ಲ. ಗುತ್ತಿಗೆಯಲ್ಲಿ ತಿಂಗಳಿಗೆ ಎರಡು ಮೂರು ಸಾವಿರ ಹೆಚ್ಚು ಸಿಗುತ್ತದೆಂದು ಅದನ್ನೇ ಆರಿಸುತ್ತಾರೆ. ಮನೆಯ ಬಾಡಿಗೆ ಕಟ್ಟಬೇಕಾದವರಿಗೆ ಆ ವ್ಯತ್ಯಾಸ ಸಣ್ಣದಲ್ಲ, ಆದ್ದರಿಂದ ಅವರನ್ನು ದೂಷಿಸಲಾರೆ. ಸಂಘಗಳು ನಿಜವಾಗಿ ಹಣ ಖರ್ಚು ಮಾಡಬೇಕಾದ ಜಾಗ ಇದೇ ಎಂದು ನನ್ನ ನಂಬಿಕೆ: ಐಟಿಐ ಅಥವಾ ಅಪ್ರೆಂಟಿಸ್‌ಶಿಪ್‌ನಲ್ಲಿ ಉಳಿದ ಮಗುವಿಗೆ ಆ ಎರಡು ಸಾವಿರದ ವ್ಯತ್ಯಾಸವನ್ನು ತಿಂಗಳು ತಿಂಗಳು ತುಂಬಿಕೊಡುವುದು. ಶೇಕಡಾ 90 ಪಡೆದವರಿಗೆ ಕೊಡುವ ಲಕೋಟೆ ಅವರ ದಾರಿಯನ್ನು ಬದಲಿಸುವುದು ಅಪರೂಪ. ಶೇಕಡಾ 48ರ ಹುಡುಗಿಯ ದಾರಿಯನ್ನು ಇದು ಖಂಡಿತ ಬದಲಿಸುತ್ತದೆ.


ಹಳೆಯ ವಿದ್ಯಾರ್ಥಿನಿ, ಕಲ್ಯಾಣ

ನಾನು ಮುಂಬಯಿಯ ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐಯಲ್ಲಿ ಕಟ್ಟಡದ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್ ಸಿವಿಲ್ ಕೋರ್ಸು ಮುಗಿಸಿ, ಈಗ ಕಟ್ಟಡ ವಿನ್ಯಾಸದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ವಾಸ್ಕೊದ ಅಕ್ಕ ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನನ್ನ ಜೊತೆ ಪಾಸಾದ ಹುಡುಗಿಯರಲ್ಲಿ ಹಲವರು ಈಗ ಮನೆಯಲ್ಲಿದ್ದಾರೆ. ಅವರನ್ನು ನಿರುದ್ಯೋಗಿಗಳೆಂದು ಯಾರೂ ಎಣಿಸುವುದಿಲ್ಲ, ಏಕೆಂದರೆ ಅವರು ಕೆಲಸ ಹುಡುಕುತ್ತಲೇ ಇಲ್ಲ. ತಮ್ಮಂದಿರನ್ನು ನೋಡಿಕೊಳ್ಳುವುದು, ಅಮ್ಮ ನಾಲ್ಕು ಮನೆ ಕೆಲಸಕ್ಕೆ ಹೋದಾಗ ಅಡುಗೆ ಮಾಡುವುದು, ಮದುವೆಯ ಮಾತು ಬರುವವರೆಗೆ ಹೀಗೇ ನಡೆಯುತ್ತದೆ. ಜಗತ್ತಿನ ಲೆಕ್ಕದಲ್ಲಿ ಮೂರನೇ ಎರಡು ಪಾಲು ಹೆಣ್ಣುಮಕ್ಕಳು ಎಂದು ಟೀಚರ್ ಬರೆದ ಸಾಲನ್ನು ಓದಿದಾಗ ಅವರ ಮುಖಗಳೇ ಕಣ್ಣಿಗೆ ಬಂದವು.

ನನಗೆ ಐಟಿಐ ಸೇರಲು ಸಹಾಯವಾದದ್ದು ಬಹುಮಾನವಲ್ಲ. ಹುಡುಗಿಗೆ ಐಟಿಐ ಏಕೆ ಎಂದು ಅಪ್ಪ ಕೇಳಿದಾಗ, ನಮ್ಮ ಟೀಚರ್ ಮನೆಗೆ ಬಂದು, ಡ್ರಾಫ್ಟ್ಸ್‌ಮನ್ ಕೆಲಸ ಮೇಜಿನ ಮುಂದೆ ಕುಳಿತು ಮಾಡುವಂಥದ್ದು, ರೈಲ್ವೆ ಸ್ಟೇಷನ್ನಿನಿಂದ ಐಟಿಐ ಎಷ್ಟು ದೂರ, ಹೋಗಿ ಬರಲು ಎಷ್ಟು ಹೊತ್ತು, ಜೊತೆಗೆ ಯಾವ ಹುಡುಗಿ ಬರುತ್ತಾಳೆ ಎಂದು ಒಂದೊಂದಾಗಿ ಹೇಳಿದರು. ಅಪ್ಪ ಒಪ್ಪಿದ್ದು ಕೊನೆಯ ವಿಷಯಕ್ಕೆ. ಫೋನಿನಲ್ಲಿ ಈ ಮಾತು ಆಗುತ್ತಿರಲಿಲ್ಲ. ಆದ್ದರಿಂದ ನೀವು ನೇಮಿಸುವವರಲ್ಲಿ ಒಬ್ಬರಾದರೂ ಮಹಿಳೆ ಇರಲಿ, ಮನೆಗೆ ಹೋಗಿ ಬರುವ ಖರ್ಚು ಅವರಿಗೆ ಸಿಗಲಿ. ನನ್ನಂತೆ ಓದಿ ಹೊರಬಂದವರನ್ನೂ ಕರೆದರೆ ಭಾನುವಾರಗಳಲ್ಲಿ ಬರುತ್ತೇವೆ.


ವಕೀಲ, ಮುಲುಂಡ್

ಒಂದು ಕಾನೂನಿನ ಎಚ್ಚರಿಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಇಟ್ಟುಕೊಳ್ಳಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಶಾಲೆಯ ಹಾಜರಿ ಪುಸ್ತಕದಿಂದ ಫೋನು ಸಂಖ್ಯೆಗಳನ್ನು ನೇರವಾಗಿ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹತ್ತನೆಯ ತರಗತಿಯ ಪಾಲಕರ ಸಭೆಯಲ್ಲಿಯೇ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ, ಎರಡು ವರ್ಷದ ನಂತರ ಮಾಹಿತಿಯನ್ನು ಅಳಿಸುತ್ತೇವೆಂದು ಅದರಲ್ಲಿ ಬರೆಯಿರಿ. ಕರಡು ಮಾಡಿಕೊಡಲು ನಾನು ಸಿದ್ಧ.


ಸಂಘವೊಂದರ ಕೋಶಾಧಿಕಾರಿ, ಡೊಂಬಿವಲಿ

ಎಲ್ಲವನ್ನೂ ಓದಿದೆ. ದತ್ತಿನಿಧಿಗಳನ್ನು ಮುಟ್ಟಲು ಬರುವುದಿಲ್ಲ ಎಂಬ ನನ್ನ ಮಾತಿನಲ್ಲಿ ಬದಲಾವಣೆಯಿಲ್ಲ. ಆದರೆ ವಾರ್ಷಿಕೋತ್ಸವದ ಸಮಯದಲ್ಲಿ ಬರುವ ಸಾಮಾನ್ಯ ದೇಣಿಗೆಗೆ ಅಂಥ ಷರತ್ತುಗಳಿಲ್ಲ. ಸಭಾಂಗಣ, ಫಲಕ, ಊಟಗಳಿಗೆ ಹೋಗುವ ಆ ಹಣದಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆ ತೆಗೆದಿಡಲು ಮಹಾಸಭೆಯ ನಿರ್ಣಯ ಸಾಕು. ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಹೀಗೆ ಮಂಡಿಸುತ್ತೇನೆ: ಮೊದಲು ಒಂದೇ ಶಾಲೆಯ ಹತ್ತನೆಯ ತರಗತಿ, ಗೌರವಧನದ ಮೇಲೆ ಇಬ್ಬರು, ಒಬ್ಬರು ನಿವೃತ್ತ ಅಧ್ಯಾಪಕರು, ಒಬ್ಬರು ಹಳೆಯ ವಿದ್ಯಾರ್ಥಿನಿ, ಐಟಿಐಯಲ್ಲಿ ಅಥವಾ ಅಪ್ರೆಂಟಿಸ್‌ಶಿಪ್‌ನಲ್ಲಿ ಉಳಿದ ಮಕ್ಕಳಿಗೆ ತಿಂಗಳ ಸಹಾಯ, ತರಗತಿ ಶಿಕ್ಷಕರಿಂದ ಯಾವ ರಿಜಿಸ್ಟರೂ ಬೇಡ, ಪಾಲಕರ ಸಭೆಗೆ ಅವರು ಕೊಡುವ ಸಮಯಕ್ಕೂ ಗೌರವಧನ. ಪಾಲಿಕೆ ಶಾಲೆಯ ಸರ್, ಈ ಕೊನೆಯ ಅಂಶವನ್ನು ನಿಮ್ಮ ಇಲಾಖೆಯ ನಿಯಮಗಳು ಒಪ್ಪುತ್ತವೆಯೇ ಎಂಬುದನ್ನು ದಯವಿಟ್ಟು ವಿಚಾರಿಸಿ ತಿಳಿಸಿ. ಒಪ್ಪದಿದ್ದರೆ ಸಂಘ ಸಭೆಯನ್ನು ಭಾನುವಾರ ತನ್ನ ಸಭಾಂಗಣದಲ್ಲಿ ತಾನೇ ಕರೆಯುತ್ತದೆ. ಭಾಂಡೂಪಿನವರು ಹೇಳಿದಂತೆ ಒಂಬತ್ತನೆಯ ತರಗತಿಯ ಪಾಲಕರನ್ನೂ ಅದೇ ದಿನ ಕರೆಯಬಹುದು.